ಒಂಟಿ ನಕ್ಷತ್ರದ ಆರ್ಡರ್

ಬಲಗೈಯಲ್ಲಿ ಬದನೆಕಾಯಿ ಚೀಲವಿರುವಾಗ ಎದುರಿನಿಂದ ಸೆಲ್ಯೂಟ್ ಬಂದರೆ ಏನು ಮಾಡಬೇಕು? ಚೀಲವನ್ನು ಎಡಗೈಗೆ ದಾಟಿಸಬಹುದು. ಆದರೆ ಎಡಗೈಯಲ್ಲಿ ಎಣ್ಣೆಯ ಕ್ಯಾನಿದೆ. ನೆಲಕ್ಕಿಡಬಹುದು, ಆದರೆ ಬಗ್ಗಿ, ಇಟ್ಟು, ಎದ್ದು ನಿಲ್ಲುವಷ್ಟು ಹೊತ್ತು ಎದುರಿನವನ ಕೈ ಹಣೆಯ ಹತ್ತಿರವೇ ನಿಂತಿರಬೇಕೇ? ಅಲ್ಲದೆ ಮೈಮೇಲೆ ಯೂನಿಫಾರ್ಮ್ ಇಲ್ಲ, ತಲೆಯ ಮೇಲೆ ಟೋಪಿಯಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಟೋಪಿಯಿಲ್ಲದವನು ಕೈ ಎತ್ತುವಂತಿಲ್ಲ, ನೆಟ್ಟಗೆ ನಿಂತರೆ ಸಾಕು ಎಂದು ಕಾಮ್ಟಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೇಳಿದ್ದರೋ, ಇಲ್ಲ ಅದು ರಾಷ್ಟ್ರಗೀತೆಯ ಬಗ್ಗೆ ಹೇಳಿದ ಮಾತೋ?

ಉಮಾಮಹೇಶ್ವರ ಹೀಗೆ ಯೋಚಿಸುತ್ತಿದ್ದಾಗ ಭದ್ರಾವತಿಯ ಓಲ್ಡ್ ಟೌನಿನ ಆ ಬೀದಿ ಪೂರ್ತಿ ಅವನನ್ನೇ ನೋಡುತ್ತಿತ್ತು. ಎದುರಿಗೆ ನಿಂತಿದ್ದವನು ಮಲ್ಲಿಕ್, ಹಿಟ್ಟಿನ ಗಿರಣಿಯ ಕಲ್ಲಮ್ಮನ ಮಗ, ಗಡಿಯಿಂದ ರಜೆಯ ಮೇಲೆ ಅಂದೇ ಬೆಳಿಗ್ಗೆ ಬಂದಿಳಿದ ಸಿಪಾಯಿ. ಅವನ ಹಿಮ್ಮಡಿ ಕೂಡಿದ ಸದ್ದಿಗೆ ಮಲಗಿದ್ದ ನಾಯಿ ಎದ್ದು ಆಚೆ ಹೋಯಿತು. ಉಮಾಮಹೇಶ್ವರ ಕೊನೆಗೆ, ತರಗತಿಗೆ ತಡವಾಗಿ ಬಂದ ಹುಡುಗನನ್ನು ಒಳಗೆ ಬಾ ಎನ್ನುವಾಗ ಮಾಡುವಂತೆ, ತಲೆಯನ್ನು ಒಮ್ಮೆ ಆಡಿಸಿದ. ಚೀಲದಿಂದ ಎರಡು ಬದನೆಕಾಯಿ ಉರುಳಿದವು. ಸಿಪಾಯಿ ಕೈ ಇಳಿಸಿ, ಬಗ್ಗಿ, ಅವನ್ನು ಎತ್ತಿಕೊಟ್ಟ.

ಮಿಲಿಟರಿಯ ಶಿಸ್ತು ಅಂದರೆ ಇದು ಎಂದು ಬೀದಿ ಒಮ್ಮತದಿಂದ ತೀರ್ಮಾನಿಸಿತು.

ಈ ಸೆಲ್ಯೂಟಿಗೆ ಕಾರಣವಾದ ನಕ್ಷತ್ರ ಉಮಾಮಹೇಶ್ವರನ ಹೆಗಲಿಗೆ ಬಂದದ್ದು ಹಲ್ಲುನೋವಿನಿಂದ. ಅವನು ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಹಿಂದಿನ ಎನ್‌ಸಿಸಿ ಅಧಿಕಾರಿಗೆ ವಯಸ್ಸಾಗಿ, ಆ ಜಾಗಕ್ಕೆ ಇನ್ನೊಬ್ಬ ಅಧ್ಯಾಪಕ ಬೇಕೆಂದು ಪ್ರಿನ್ಸಿಪಾಲರು ಸಭೆ ಕರೆದರು. ಸಭೆಯಲ್ಲಿ ಒಬ್ಬರಿಗೆ ಸೊಂಟ ಉಳುಕಿದ್ದು ನೆನಪಾಯಿತು, ಒಬ್ಬರಿಗೆ ಹರಕೆ, ಒಬ್ಬರಿಗೆ ಅಹಿಂಸೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ ಉಮಾಮಹೇಶ್ವರನಿಗೆ ಮಾತ್ರ ಯಾವ ಕಾರಣವೂ ಇರಲಿಲ್ಲ, ಏಕೆಂದರೆ ಅವನು ಸಭೆಯಲ್ಲೇ ಇರಲಿಲ್ಲ. ಆಯ್ಕೆ ಅವಿರೋಧವಾಯಿತು. ಮರುದಿನ ಕೆನ್ನೆ ಊದಿಸಿಕೊಂಡು ಬಂದವನು ಏನೋ ಹೇಳಲು ಹೊರಟು ಹೇಳಲಾಗದೆ ನಿಂತಾಗ, ಪ್ರಿನ್ಸಿಪಾಲರು ಅದನ್ನು ಭಾವೋದ್ವೇಗವೆಂದು ತಿಳಿದು ಕೈಕುಲುಕಿದರು.

ಅನಂತರ ನಾಗಪುರದ ಹತ್ತಿರದ ಕಾಮ್ಟಿಯಲ್ಲಿ ಮೂರು ತಿಂಗಳ ತರಬೇತಿ. ಹಳಗನ್ನಡ ಪಾಠ ಮಾಡುತ್ತಿದ್ದವನು ಅಲ್ಲಿಯ ಬಿಸಿಲಿನಲ್ಲಿ ಎಡ ಯಾವುದು ಬಲ ಯಾವುದು ಎಂದು ಹೊಸದಾಗಿ ಕಲಿತ. ಕಪ್ಪಾಗಿ, ತೆಳ್ಳಗಾಗಿ, ಮೀಸೆ ಬಿಟ್ಟುಕೊಂಡು ಸೆಕೆಂಡ್ ಲೆಫ್ಟಿನೆಂಟ್ ಆಗಿ ಹಿಂದಿರುಗಿದ. ಒಂದೊಂದು ಹೆಗಲಿಗೆ ಒಂದೊಂದು ನಕ್ಷತ್ರ. ಕಮಿಷನ್ ಅರೆಕಾಲಿಕ, ಪದವಿ ಪೆರೇಡಿನ ಮೈದಾನಕ್ಕೂ ಕ್ಯಾಂಪಿಗೂ ಸೀಮಿತ. ಗಡಿಯಲ್ಲಿರುವ ಸೈನ್ಯಕ್ಕೂ ಆ ನಕ್ಷತ್ರಕ್ಕೂ ಇರುವ ಸಂಬಂಧ, ಆಕಾಶದ ಚಂದ್ರನಿಗೂ ಪಂಚಾಂಗದ ಚಂದ್ರನಿಗೂ ಇರುವ ಸಂಬಂಧ: ಹೆಸರು ಒಂದೇ, ಬೆಳಕು ಮಾತ್ರ ಇಲ್ಲ. ಪೆರೇಡ್ ಕಲಿಸಲು ಶಿವಮೊಗ್ಗದ ಬೆಟಾಲಿಯನ್ನಿನಿಂದ ಬರುತ್ತಿದ್ದ ಹವಾಲ್ದಾರರು ಮೈದಾನಕ್ಕೆ ಬಂದ ಕೂಡಲೇ ಅವನಿಗೆ ಜೋರಾಗಿ ಸೆಲ್ಯೂಟ್ ಹೊಡೆದು, ಸಾಹೇಬರು ನೆರಳಿನಲ್ಲಿ ನಿಂತರೆ ಕೆಲಸ ಬೇಗ ಆಗುತ್ತದೆ ಎಂದು ಹಿಂದಿಯಲ್ಲಿ ಬಿನ್ನವಿಸುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಹೆಗಲ ಮೇಲೆ ನಕ್ಷತ್ರ ಬಂದರೆ ಬಾಗಿಲ ಮೇಲೆ ಬೋರ್ಡು ಬೇಕಾಗುತ್ತದೆ. ಉಮಾಮಹೇಶ್ವರ ಶಿವಮೊಗ್ಗಕ್ಕೆ ಹೋಗಿ ಕೋಟೆ ರಸ್ತೆಯ ಒಬ್ಬ ಪೇಂಟರನಿಗೆ ಬರೆಯಲು ಕೊಟ್ಟ. ಲೆಫ್ಟಿನೆಂಟ್ ಉಮಾಮಹೇಶ್ವರ, ಎಂ.ಎ., ಎನ್‌ಸಿಸಿ ಅಧಿಕಾರಿ ಎಂದು ಚೀಟಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ಪೇಂಟರ್ ಕಲಾವಿದ. ಗಿರಾಕಿ ಮಿಲಿಟರಿಯವನೆಂದು ತಿಳಿದ ಮೇಲೆ ಅವನ ಕೈ ತಡೆಯದೆ ಒಂದಕ್ಕೊಂದು ಅಡ್ಡವಾಗಿ ಎರಡು ಕತ್ತಿಗಳನ್ನು ಬರೆದುಬಿಟ್ಟ. ಕತ್ತಿಗಳು ಚೆನ್ನಾಗಿ ಬಂದವು. ಕೊನೆಯ ಸಾಲಿಗೆ ಜಾಗವಿಲ್ಲವಾಯಿತು. ಕತ್ತಿ ಅಳಿಸಲೇ ಎಂದು ಅವನು ಕೇಳಿದಾಗ ಉಮಾಮಹೇಶ್ವರ ಬೋರ್ಡನ್ನು ಸ್ವಲ್ಪ ಹೊತ್ತು ನೋಡಿ, ಇರಲಿ ಬಿಡಿ ಅಂದ. ಅವನ ಜೀವನದಲ್ಲಿ ಅವನು ತೋರಿಸಿದ ಜಂಬ ಒಟ್ಟು ಇಷ್ಟೇ.

ಹೆಂಡತಿ ತನುಜಾ ಬೋರ್ಡು ನೋಡಿ, "ಇದು ನಮ್ಮನೆಯೋ ಪೊಲೀಸ್ ಠಾಣೆಯೋ?" ಎಂದು ಕೇಳಿ ಒಳಗೆ ಹೋದಳು. ಪಕ್ಕದ ಮನೆಯ ನರಸಿಂಹಮೂರ್ತಿಗಳು ಮಾತ್ರ ಗಂಭೀರವಾಗಿ ನಿಂತು ಓದಿದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಅವರು ಜೀವಮಾನವಿಡೀ ಬೇರೆಯವರ ತೀರ್ಪು ಬರೆದುಕೊಂಡಿದ್ದು, ಈಗ ಬೀದಿಯಲ್ಲಿ ಸ್ವಂತ ತೀರ್ಪು ಕೊಡುತ್ತಿದ್ದರು. ಈತ ಇನ್ನು ಮೇಲೆ ಕೇಂದ್ರ ಸರ್ಕಾರದ ಮನುಷ್ಯ, ಯುದ್ಧ ಬಂದರೆ ಮೊದಲ ಟೆಲಿಗ್ರಾಂ ಈ ಮನೆಗೇ ಎಂದು ಅವರು ಹೇಳಿದರು. ಅದರ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಎದುರು ಮನೆ ಕಲ್ಲಮ್ಮನದು. ಮನೆಯ ಮುಂಭಾಗವೇ ಗಿರಣಿ. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವಳೇ ಬೆಲ್ಟು ಹಾಕಿ, ಅವಳೇ ಕಲ್ಲು ಕುಟ್ಟಿಸಿ, ಓಲ್ಡ್ ಟೌನಿನ ಅರ್ಧ ಊರಿಗೆ ರಾಗಿ, ಜೋಳ, ಗೋಧಿ ಬೀಸಿಕೊಟ್ಟು ಮಗನನ್ನು ಬೆಳೆಸಿದ್ದಳು. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ಹಣೆಯ ವಿಭೂತಿ ಯಾವುದು, ರಾಗಿ ಹಿಟ್ಟು ಯಾವುದು ಹೇಳುವುದು ಕಷ್ಟ. ಮಗ ಮಲ್ಲಿಕ್ ಮೂರು ವರ್ಷದ ಹಿಂದೆ, ಕೆಟ್ಟ ಬೆಲ್ಟು ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ಶಿವಮೊಗ್ಗಕ್ಕೆ ಹೋದವನು ಅಲ್ಲಿ ನಡೆಯುತ್ತಿದ್ದ ಸೇನಾ ಭರ್ತಿಯಲ್ಲಿ ಓಡಿ, ಎದೆ ಅಳೆಸಿಕೊಂಡು, ಸಿಪಾಯಿಯಾಗಿಬಿಟ್ಟ. ಬೆಲ್ಟನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದ. ಆಮೇಲೆ ಒಮ್ಮೆ ಬಂದಿದ್ದ, ತಾಯಿ ಮಾತಾಡಿಸಿರಲಿಲ್ಲ. ಅದಾದ ಮೇಲೆ ಎರಡು ದೀಪಾವಳಿಗೂ ಬಂದಿರಲಿಲ್ಲ.

ಬೋರ್ಡು ಹತ್ತಿದ ವಾರದಲ್ಲೇ ಕಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದಳು.

"ನೀವು ಆಫೀಸರ್ ಆಗಿದ್ದೀರಂತೆ. ನನ್ನ ಮಗ ಬರೀ ಸಿಪಾಯಿ. ನೀವು ಹೇಳಿದ್ರೆ ಕೇಳ್ಲೇಬೇಕಂತಲ್ಲ, ಮೂರ್ತಿಗಳು ಹೇಳಿದ್ರು. ಒಂದ್ಸಲ ಮನೆಗೆ ಹೋಗಿ ಬಾ ಅಂತ ಹೇಳಿ ಕಳಿಸಿ."

ತನ್ನ ಮಾತನ್ನು ಕೇಳಬೇಕಾದವರು ಕಾಲೇಜಿನ ಕೆಡೆಟ್ಟುಗಳು ಮಾತ್ರ, ಅವರೂ ಪೆರೇಡ್ ಮುಗಿದ ಮೇಲಿನ ಉಪ್ಪಿಟ್ಟಿನ ಆಸೆಗೆ ಕೇಳುತ್ತಾರೆ ಎಂದು ಹೇಳಲು ಉಮಾಮಹೇಶ್ವರ ಬಾಯಿ ತೆರೆದ. ಬಾಗಿಲಲ್ಲಿ ಮೂರ್ತಿಗಳು ನಿಂತಿದ್ದರು. ಮೇಲೆ ಕತ್ತಿಗಳು. ಅವನು, "ನೋಡೋಣ ಕಲ್ಲಮ್ಮ," ಎಂದ.

ಕನ್ನಡದಲ್ಲಿ ನೋಡೋಣ ಎಂದರೆ ಆಫೀಸಿನಲ್ಲಿ ಆಗುವುದಿಲ್ಲ ಎಂದು ಅರ್ಥ. ತಾಯಂದಿರಿಗೆ ಈ ವಿಷಯ ಗೊತ್ತಿರುವುದಿಲ್ಲ.

ಉಮಾಮಹೇಶ್ವರ ಏನನ್ನೂ ನೋಡಲಿಲ್ಲ. ಆದರೆ ಮಲ್ಲಿಕನಿಗೆ ಸರದಿಯ ಪ್ರಕಾರ ವಾರ್ಷಿಕ ರಜೆ ಸಿಕ್ಕಿತು. ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ, ಟ್ರಂಕು ಹೊತ್ತುಕೊಂಡು ಬಂದವನು ತಾಯಿಯ ಕಾಲಿಗೆ ಬಿದ್ದು, ಸಂಜೆ ಸಂತೆಯಿಂದ ಬೀದಿಗೆ ಮರಳುತ್ತಿದ್ದ ಬದನೆಕಾಯಿಯ ಲೆಫ್ಟಿನೆಂಟನಿಗೆ ಸೆಲ್ಯೂಟ್ ಹೊಡೆದ.

ಅಲ್ಲಿಂದ ಉಮಾಮಹೇಶ್ವರನ ಮನೆಗೆ ದರ್ಶನಾರ್ಥಿಗಳು ಬರತೊಡಗಿದರು. ಹೊಸಮನೆ ಬಡಾವಣೆಯಿಂದ ಒಬ್ಬರು ಮಗನನ್ನು ಕರೆತಂದು, ಅಂಗಿ ಬಿಚ್ಚಿಸಿ, ಎದೆಯಗಲ ಸಾಕೇ ನೋಡಿ ಎಂದರು. ನೋಡಿದ. ಅಗಲ ಸಾಕಿತ್ತು, ಎದೆ ಸಾಲದು ಎಂದು ಹುಡುಗನ ಮುಖ ಹೇಳುತ್ತಿತ್ತು. ಕಾರ್ಖಾನೆಯ ಕಡೆಯಿಂದ ಒಬ್ಬ ತಮಿಳು ಕಂಟ್ರಾಕ್ಟರು ಬಂದು, ಬಾರ್ಡರಿನಲ್ಲಿ ಗೋಡೆ ಕಟ್ಟುವುದಿದ್ದರೆ ತನ್ನನ್ನು ಮರೆಯಬಾರದು, ಇಟ್ಟಿಗೆ ನಮ್ಮದೇ ಎಂದು ವಿಜ್ಞಾಪಿಸಿಕೊಂಡ. ಮಿಲಿಟರಿ ಕ್ಯಾಂಟೀನಿನ ರಮ್ಮು ಕೇಳಲು ಬಂದವರ ಪೈಕಿ ಇಬ್ಬರು ಅವನ ಕಾಲೇಜಿನ ಸಹೋದ್ಯೋಗಿಗಳೇ. ಅದರಲ್ಲೊಬ್ಬರು ಸೊಂಟ ಉಳುಕಿದವರು. ಎಲ್ಲರಿಗೂ ಅವನು ನೋಡೋಣ ಎಂದ. ಒಬ್ಬರ ಕೆಲಸವಾಗಿದ್ದನ್ನು ಕಣ್ಣಾರೆ ಕಂಡಿದ್ದ ಊರು ಅದನ್ನು ನಂಬಿತು. ತನುಜಾ ಕಾಫಿಪುಡಿ ಮುಗಿಯಿತೆಂದು ಹೇಳುವುದನ್ನೂ ಬಿಟ್ಟಳು.

ಒಂದು ದಿನ ಸೇತುವೆಯ ಹತ್ತಿರ ಮಲ್ಲಿಕ್ ಒಬ್ಬನೇ ಸಿಕ್ಕ. ಭದ್ರೆಯಲ್ಲಿ ನೀರು ಕಡಿಮೆಯಿತ್ತು. ಉಮಾಮಹೇಶ್ವರ ಸುತ್ತ ನೋಡಿ, ನಾನು ಎಂಥ ಲೆಫ್ಟಿನೆಂಟ್ ಅಂತ ನಿನಗೆ ಗೊತ್ತಿದೆಯಲ್ಲ ಎಂದು ಕೇಳಿದ.

"ಗೊತ್ತು ಸಾರ್. ನಾನು ಪಿಯುಸೀಲಿ ಎನ್‌ಸಿಸಿ ಇದ್ದೆ."

"ಮತ್ಯಾಕೆ ಮಾರಾಯ ಸೆಲ್ಯೂಟ್ ಹೊಡೆದೆ?"

"ಅಮ್ಮ ಬಾಗಿಲಲ್ಲಿ ನಿಂತಿದ್ಲು ಸಾರ್. ನೀವೇ ನನ್ನ ಕರೆಸಿದ್ರಿ ಅಂತ ನಂಬಿದ್ದಾಳೆ. ಅದಕ್ಕೇ ಮಾತಾಡ್ತಿದ್ದಾಳೆ. ನಾನಾಗೇ ಬಂದಿದ್ದು ಅಂದ್ರೆ, ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಕೇಳ್ತಾಳಲ್ಲ."

ಇಬ್ಬರೂ ಸ್ವಲ್ಪ ಹೊತ್ತು ನೀರು ನೋಡಿದರು. ಮಾತು ಕಡಿಮೆಯ ಹುಡುಗ. ನೋಡುವುದು ಮುಗಿದ ಮೇಲೆ ನೆಟ್ಟಗೆ ಮನೆಗೆ ಹೋದ.

ಕಲ್ಲಮ್ಮ ಈ ರಜೆಯಲ್ಲೇ ಮಗನಿಗೆ ಹೆಣ್ಣು ಗೊತ್ತು ಮಾಡಲು ನಿಶ್ಚಯಿಸಿದಳು. ಮದುವೆಯಾದರೆ ಮಗ ಮನೆಯ ಕಡೆ ಮುಖ ಮಾಡುತ್ತಾನೆ, ನೌಕರಿ ಬಿಡುವ ದಾರಿಯನ್ನು ಲೆಫ್ಟಿನೆಂಟರು ಹೇಗೋ ಮಾಡಿಕೊಡುತ್ತಾರೆ ಎಂಬುದು ಅವಳ ಲೆಕ್ಕ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಶೀತಲ್ ಎಂಬ ಹುಡುಗಿ, ತಂದೆ ವೀರಪ್ಪನವರು ಅಡಿಕೆ ಮಂಡಿಯಲ್ಲಿ ವ್ಯಾಪಾರಿ. ಹೆಣ್ಣು ನೋಡಲು ಉಮಾಮಹೇಶ್ವರ ಬರಲೇಬೇಕು, ಯೂನಿಫಾರ್ಮಿನಲ್ಲೇ ಬರಬೇಕು ಎಂದು ಕಲ್ಲಮ್ಮ ಹಟ ಹಿಡಿದಳು. ನಿಯಮದ ಪ್ರಕಾರ ಆ ಯೂನಿಫಾರ್ಮನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಹಾಕುವಂತಿರಲಿಲ್ಲ. ಹಾಕಿಕೊಂಡ.

ವೀರಪ್ಪನವರು ಹುಡುಗನನ್ನು ಬಿಟ್ಟು ಲೆಫ್ಟಿನೆಂಟನನ್ನೇ ಪರೀಕ್ಷಿಸಿದರು. ಅಡಿಕೆಯನ್ನು ಕಚ್ಚಿ ನೋಡಿ ದರ ಹೇಳುವ ಮನುಷ್ಯ. ತಮ್ಮ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂದು ಕೇಳಿದರು. ಸುಳ್ಳು ಹೇಳಬಾರದೆಂದು ಮನೆಯಿಂದಲೇ ನಿರ್ಧರಿಸಿ ಬಂದಿದ್ದ ಉಮಾಮಹೇಶ್ವರ, ನೂರರ ಮೇಲಿದ್ದಾರೆ ಎಂದ. ಎಲ್ಲಿದ್ದಾರೆ ಎಂದರು. ಭದ್ರಾವತಿಯಲ್ಲೇ ಎಂದ.

ವೀರಪ್ಪನವರ ಕೈಯ ವೀಳ್ಯದೆಲೆ ಅಲ್ಲೇ ನಿಂತಿತು.

"ಭದ್ರಾವತಿಯಲ್ಲಿ ಮಿಲಿಟರಿ ಇದೆಯಾ? ನಾವು ನೋಡೇ ಇಲ್ವಲ್ಲ."

"ದಿನಾ ಕಾಣಿಸೋದಿಲ್ಲ," ಎಂದ ಉಮಾಮಹೇಶ್ವರ ಸತ್ಯವಾಗಿ. "ಭಾನುವಾರ ಮಾತ್ರ ಹೊರಗೆ ಬರ್ತಾರೆ. ಮಿಕ್ಕ ದಿನ ಮಾಮೂಲಿ ಬಟ್ಟೇಲಿ ಜನರ ಮಧ್ಯೆ ಇರ್ತಾರೆ."

ವೀರಪ್ಪನವರು ಎದ್ದು ಬೀದಿ ಬಾಗಿಲು ಹಾಕಿ ಬಂದರು. ಕಾರ್ಖಾನೆ ಇರುವ ಊರು, ಕಾವಲು ಇರಲೇಬೇಕು, ನಾನು ಕೇಳಬಾರದಿತ್ತು ಎಂದು ತಗ್ಗಿದ ದನಿಯಲ್ಲಿ ಕ್ಷಮೆ ಕೇಳಿದರು. ಉಮಾಮಹೇಶ್ವರ ಸರಿಪಡಿಸಲು ನೋಡಿದಷ್ಟೂ ಅವರು ಕೈ ಅಡ್ಡ ಹಿಡಿದು, ಬೇಡ, ಹೇಳಬೇಡಿ, ನಮಗೆ ಅರ್ಥವಾಗುತ್ತದೆ ಎಂದರು. ಈ ಗುಟ್ಟಿನ ಸಡಗರದಲ್ಲಿ ಹುಡುಗ ಹುಡುಗಿಯನ್ನು ನೋಡಿದ್ದನ್ನು ಯಾರೂ ಗಮನಿಸಲಿಲ್ಲ. ಶೀತಲ್ ಕಾಫಿ ಕೊಟ್ಟಾಗ ಮಲ್ಲಿಕ್ ತಲೆ ಎತ್ತಿದ. ಲೋಟ ಬಿಸಿಯಿತ್ತು, ಇಬ್ಬರೂ ಬಿಡಲಿಲ್ಲ. ಒಪ್ಪಿಗೆಯಾಯಿತು. ಬರುವ ಭಾನುವಾರ ಎರಡೂ ಮನೆಯವರು ಕೂಡಿ ತ್ಯಾವರೆಕೊಪ್ಪದ ಸಫಾರಿಗೆ ಹುಲಿ ನೋಡಲು ಹೋಗುವುದೆಂದೂ, ಅಲ್ಲಿ ಹುಡುಗ ಹುಡುಗಿ ಎರಡು ಮಾತಾಡಲೆಂದೂ ಗೊತ್ತಾಯಿತು.

ಹಿಂದಿರುಗುವ ಬಸ್ಸಿನಲ್ಲಿ ಯಾರದೋ ರೇಡಿಯೋದಲ್ಲಿ ಕಾರ್ಗಿಲ್‌ನ ವಾರ್ತೆ ಬರುತ್ತಿತ್ತು. ಬೆಟ್ಟಗಳ ಹೆಸರು, ಸತ್ತವರ ಹೆಸರು. ಕಲ್ಲಮ್ಮ ಸೀರೆಯ ವಿಷಯ ಹೇಳುತ್ತಲೇ ಇದ್ದಳು. ಮಲ್ಲಿಕ್ ಕಿಟಕಿಯ ಕಡೆ ತಿರುಗಿ ಕೂತಿದ್ದ.

ಆ ವಾರ ಕಾಲೇಜಿನ ಮೈದಾನದಲ್ಲಿ ಹೊಸ ಕೆಡೆಟ್ಟುಗಳ ಭರ್ತಿ. ಉಮಾಮಹೇಶ್ವರ ಎಂದಿನಂತೆ ನೆರಳಿನಲ್ಲಿದ್ದ. ಮಲ್ಲಿಕ್ ಬಂದು ಮರದ ಪಕ್ಕ ನಿಂತ. ಎಸ್‌ಟಿಡಿ ಬೂತಿನಿಂದ ಬಂದೆ ಎಂದ. ತನ್ನ ತುಕಡಿ ಮೇಲಕ್ಕೆ, ಕಾರ್ಗಿಲ್ ಬೆಟ್ಟಗಳಿಗೆ ಹೋಗಿದೆ. ಒಟ್ಟಿಗೆ ಉಣ್ಣುತ್ತಿದ್ದವರೆಲ್ಲ ಹೋಗಿದ್ದಾರೆ.

ನಿನ್ನನ್ನು ಕರೆದರೇ ಎಂದು ಉಮಾಮಹೇಶ್ವರ ಕೇಳಿದ. ಇಲ್ಲ, ರಜೆ ಇನ್ನೂ ಬೇಕಾದಷ್ಟಿದೆ ಎಂದ ಹುಡುಗ.

"ನಾನಾಗೇ ಹೋಗ್ತೀನಿ ಸಾರ್. ಆದ್ರೆ ಅಮ್ಮಂಗೆ ಹಾಗೆ ಹೇಳೋಕಾಗಲ್ಲ. ಹೋದ್ಸಲ ನಾನಾಗೇ ಹೋಗಿದ್ದಕ್ಕೆ ಇಷ್ಟು ವರ್ಷ ಮಾತು ಬಿಟ್ಟಿದ್ಲು. ನೀವು ಆರ್ಡರ್ ಮಾಡಿ. ನಿಮ್ಮ ಮಾತು ನಂಬ್ತಾಳೆ."

ಮೈದಾನದಲ್ಲಿ ಹವಾಲ್ದಾರರು ಎಡಬಲ ಕೂಗುತ್ತಿದ್ದರು. ನನಗೆ ಯಾವ ಅಧಿಕಾರವಿದೆ ಎಂದು ಉಮಾಮಹೇಶ್ವರ ಹೇಳಿದ. ಹುಲಿ ನೋಡಲು ಹೋಗುವುದಿದೆಯಲ್ಲ ಎಂದ. ಹುಡುಗಿಯ ವಿಷಯ ಎತ್ತಿದ. ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, ಹವಾಲ್ದಾರರ ಕಡೆ ನೋಡುತ್ತ, ನಾಳೆ ಬೆಳಿಗ್ಗೆ ಬಂದರೆ ಸಾಕು ಸಾರ್ ಎಂದ.

ಬೆಳಿಗ್ಗೆ ಉಮಾಮಹೇಶ್ವರ ಯೂನಿಫಾರ್ಮ್ ಹಾಕಿ ಕನ್ನಡಿಯ ಮುಂದೆ ಆರ್ಡರನ್ನು ಅಭ್ಯಾಸ ಮಾಡಿದ. ಕನ್ನಡದಲ್ಲಿ ಹೇಳಿದರೆ ಅದು ಬಿನ್ನಹದಂತೆ ಕೇಳಿಸುತ್ತಿತ್ತು. ಹಿಂದಿಯಲ್ಲಿ ಹೇಳಿದರೆ ತನುಜಾ ಅಡುಗೆಮನೆಯಿಂದ ಯಾರು ಬಂದರು ಎಂದು ಕೇಳಿದಳು. ಕೊನೆಗೆ ಇಂಗ್ಲಿಷನ್ನು ಆರಿಸಿಕೊಂಡು ರಸ್ತೆ ದಾಟಿದ.

ಗಿರಣಿಯ ಮುಂದೆ ಬೀಸಿಸಲು ಬಂದವರ ಡಬ್ಬಿಗಳು ಸಾಲಾಗಿದ್ದವು. ಮೂರ್ತಿಗಳೂ ಇದ್ದರು. ಉಮಾಮಹೇಶ್ವರ ಮಲ್ಲಿಕನ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಸಿಪಾಯಿ ಮಲ್ಲಿಕ್, ರಿಪೋರ್ಟ್ ಟು ಯುವರ್ ಯುನಿಟ್ ಎಂದ. ದನಿ ಮಧ್ಯದಲ್ಲಿ ಒಡೆದು, ಯುನಿಟ್ ಎಂಬುದು ಕೀರಲಾಗಿ ಹೊರಬಂತು. ಕಾಲೇಜಾಗಿದ್ದರೆ ಹಿಂದಿನ ಬೆಂಚು ನಗುತ್ತಿತ್ತು. ಇಲ್ಲಿ ಯಾರೂ ನಗಲಿಲ್ಲ. ಮಲ್ಲಿಕ್ ಹಿಮ್ಮಡಿ ಕೂಡಿಸಿ ಎಸ್ ಸಾರ್ ಎಂದ.

ಇಂಗ್ಲಿಷ್ ಬಾರದ ಕಲ್ಲಮ್ಮನಿಗೆ ಎಲ್ಲವೂ ಅರ್ಥವಾಯಿತು.

"ರಜೆ ಇನ್ನೂ ಇದೆಯಲ್ಲಪ್ಪ," ಎಂದಳು. "ಭಾನುವಾರ ಅವರು ಬರ್ತಾರೆ. ಒಂದು ವಾರ ಬಿಟ್ಟು ಕಳಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಆರ್ಡರ್ ಬಂದಿದೆ ಎಂದು ಉಮಾಮಹೇಶ್ವರ ಹೇಳಿದ. ಯಾರ ಆರ್ಡರ್ ಎಂದಳು. ಅವನು, ನನ್ನದೇ ಎಂದ. ದೇಶದ ಕೆಲಸಕ್ಕೆ ಅಡ್ಡ ಬರಬಾರದು ಕಲ್ಲಮ್ಮ ಎಂದು ಮೂರ್ತಿಗಳು ತೀರ್ಪು ಕೊಟ್ಟರು. ಅವಳು ಅವರ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ದಾರಿಗೆ ರೊಟ್ಟಿ ತಟ್ಟಲು ಕೂತಳು.

ರೈಲು ನಿಲ್ದಾಣಕ್ಕೆ ಊರು ಹಾರ ತಂದಿತ್ತು. ಅರ್ಧ ಹಾರಗಳು ಕಳಿಸುವ ಅಧಿಕಾರಿಯ ಕೊರಳಿಗೇ ಬಿದ್ದವು. ಇಟ್ಟಿಗೆಯ ಕಂಟ್ರಾಕ್ಟರು ಭಾಷಣ ಮಾಡಿದ. ತಮಿಳಿನಲ್ಲಿ ಶುರುವಾಗಿ ಕನ್ನಡಕ್ಕೆ ಬರುವಷ್ಟರಲ್ಲಿ ರೈಲು ಹೊರಟಿತು. ಮಲ್ಲಿಕ್ ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆದ. ಅವನ ಕಣ್ಣು ತಾಯಿಯ ಮೇಲಿತ್ತು. ಉಮಾಮಹೇಶ್ವರನೂ ಹೊಡೆದ. ಹಾರಗಳ ಮಧ್ಯೆ ಕೈ ಸಿಕ್ಕಿಕೊಂಡು, ಅದು ಹಣೆಯವರೆಗೆ ಹೋಗದೆ ಮೂಗಿನ ಹತ್ತಿರವೇ ಉಳಿಯಿತು.

ಜುಲೈನಲ್ಲಿ ಒಂದು ಮಧ್ಯಾಹ್ನ ಸರ್ಕಾರಿ ಜೀಪು ಬೀದಿಗೆ ಬಂತು. ಇಳಿದ ಅಧಿಕಾರಿ ಮಿಲಿಟರಿಯವರ ಮನೆ ಯಾವುದೆಂದು ಕೇಳಿದ್ದಾರೆ. ಬೀದಿಯಲ್ಲಿ ಯಾರನ್ನು ಕೇಳಿದರೂ ಕತ್ತಿಯ ಬೋರ್ಡಿನ ಕಡೆಗೇ ಕೈ ತೋರಿಸುತ್ತಿದ್ದರು. ಉಮಾಮಹೇಶ್ವರ ಊಟ ಮುಗಿಸಿ ಬನಿಯನ್ನಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ. ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಹಳ ಮೆಲ್ಲಗೆ, ಮಲ್ಲಿಕ್ ನಿಮಗೆ ಏನಾಗಬೇಕು ಎಂದರು. ಎದುರುಮನೆ ಎಂದ ಇವನು. ಅಧಿಕಾರಿ ತಿರುಗಿ ನೋಡಿದರು. ಗಿರಣಿ ಓಡುತ್ತಿತ್ತು. ಅವರು ಮತ್ತೆ ಬೋರ್ಡು ನೋಡಿ, ಸ್ವಲ್ಪ ಹಗುರಾದಂತೆ ಉಸಿರು ಬಿಟ್ಟರು.

"ನೀವೇ ಹೇಳಿಬಿಡಿ ಸಾರ್. ನೀವು ಮಿಲಿಟರಿ ಆಫೀಸರು, ನಿಮಗೆ ಇದೆಲ್ಲ ಅಭ್ಯಾಸ ಇರುತ್ತೆ. ನಾನು ಬರೀ ಕಂದಾಯದವನು."

ಕಾಮ್ಟಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಉಮಾಮಹೇಶ್ವರ ಬನಿಯನ್ನಿನಲ್ಲೇ ರಸ್ತೆ ದಾಟಿದ. ಗಿರಣಿಯ ಸದ್ದಿನಲ್ಲಿ ಅವನು ಹೇಳಿದ್ದು ಕೇಳಿಸಲಿಲ್ಲ. ಕಲ್ಲಮ್ಮ ಕಿವಿಗೆ ಕೈ ಹಿಡಿದಳು. ಅವನು ಇನ್ನೊಮ್ಮೆ ಬಾಯಿ ತೆರೆದ. ಅವಳು ಅವನ ಹಿಂದೆ ಜೀಪು ನೋಡಿದಳು, ಟೋಪಿ ಕೈಯಲ್ಲಿ ಹಿಡಿದ ಮನುಷ್ಯನನ್ನು ನೋಡಿದಳು. ಕೈ ಚಾಚಿ ಸ್ವಿಚ್ಚು ಆರಿಸಿದಳು. ಬೆಲ್ಟು ತಾನಾಗಿ ಇನ್ನೂ ಕೆಲವು ಸುತ್ತು ಓಡಿ ನಿಂತಿತು. ಆ ಹೊತ್ತಿನಲ್ಲಿ ಗಿರಣಿ ನಿಂತದ್ದನ್ನು ಆ ಬೀದಿ ಹಿಂದೆಂದೂ ಕೇಳಿರಲಿಲ್ಲ. ಮನೆಮನೆಯಿಂದ ಜನ ಹೊರಗೆ ಬಂದರು.

ಅನಂತರದ್ದು ಊರಿಗೆ ಗೊತ್ತಿದೆ. ಹೂವಿನ ಲಾರಿ ಬಂತು, ಘೋಷಣೆ ಬಂತು, ಭಾಷಣಗಳು ಬಂದವು. ರಾಷ್ಟ್ರಧ್ವಜ ಹೊದಿಸಿದ ಪೆಟ್ಟಿಗೆಯ ಹಿಂದೆ ಉಮಾಮಹೇಶ್ವರನ ಕೆಡೆಟ್ಟುಗಳು ನಡೆದರು. ಈ ಸಲ ಹವಾಲ್ದಾರರು ಅವನನ್ನು ನೆರಳಿಗೆ ಕಳಿಸಲಿಲ್ಲ. ಶಿವಮೊಗ್ಗದಿಂದ ವೀರಪ್ಪನವರು ಬಂದು, ಹೆಂಗಸರ ಕಡೆ ನೋಡದೆ, ಒಂದು ಹಾರ ಇಟ್ಟು ಹೋದರು. ಮಣ್ಣು ಹಾಕಿದ ಮೇಲೆ ಜನ ಕಲ್ಲಮ್ಮನನ್ನು ಹಿಡಿದುಕೊಂಡು ಕರೆತರುತ್ತಿದ್ದಾಗ ಅವಳು ಉಮಾಮಹೇಶ್ವರನ ಮುಂದೆ ನಿಂತಳು. ಕೂಗಲಿಲ್ಲ.

"ಒಂದು ವಾರ ಕೇಳಿದ್ದೆ," ಎಂದಳು.

ಆಮೇಲೆ ಕಲ್ಲಮ್ಮ ಮತ್ತೆ ಗಿರಣಿ ನಡೆಸಿದಳು. ಎಲ್ಲರಿಗೂ ಬೀಸಿಕೊಟ್ಟಳು, ಉಮಾಮಹೇಶ್ವರನ ಮನೆಗೆ ಬಿಟ್ಟು. ತನುಜಾ ಕೊಂಡುಹೋದ ಗೋಧಿ ಗೋಧಿಯಾಗಿಯೇ ವಾಪಸಾಯಿತು. ಡಬ್ಬಿಯನ್ನು ಸಾಲಿನಿಂದ ಎತ್ತಿ ಪಕ್ಕಕ್ಕೆ ಇಡುವುದು ಅಷ್ಟೇ. ಉಮಾಮಹೇಶ್ವರ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಸೇತುವೆಯಾಚೆಯ ಗಿರಣಿಗೆ ಹೋಗತೊಡಗಿದ. ಲೆಫ್ಟಿನೆಂಟರಿಗೆ ಸೈಕಲ್ ವ್ಯಾಯಾಮ ಎಂದು ಕೆಲವರು ತಿಳಿದರು. ಅವನು ಬೋರ್ಡು ಇಳಿಸಲು ಹೋದಾಗ ತನುಜಾ ತಡೆದಳು; ಈಗ ಇಳಿಸಿದರೆ ಹೆದರಿ ಇಳಿಸಿದ ಹಾಗೆ ಎಂದಳು. ದರ್ಶನಾರ್ಥಿಗಳು ತಾವಾಗಿಯೇ ನಿಂತರು. ಯುದ್ಧಕ್ಕೆ ಕಳಿಸಬಲ್ಲವನ ಹತ್ತಿರ ಮಕ್ಕಳ ಎದೆ ಅಳೆಸಲು ಯಾರಿಗೂ ಧೈರ್ಯವಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ನರಸಿಂಹಮೂರ್ತಿಗಳ ಸೋದರಳಿಯ ಜನಾರ್ದನ ಬೆಂಗಳೂರಿನಿಂದ ಬಂದ. ಅವನೂ ಒಂದು ಕಾಲದಲ್ಲಿ ಕೆಡೆಟ್. ಬೋರ್ಡು ನೋಡಿ ನಕ್ಕು, ಎನ್‌ಸಿಸಿಯ ನಕ್ಷತ್ರದ ವ್ಯಾಪ್ತಿಯನ್ನು ಮಾವನಿಗೆ ವಿವರಿಸಿದ. ಮೂರ್ತಿಗಳ ಇಷ್ಟು ವರ್ಷದ ತೀರ್ಪುಗಳು ಒಂದೇ ಕಾಫಿಯಲ್ಲಿ ರದ್ದಾದವು. ಅವರು ಕೋಲು ಹಿಡಿದು ಉಮಾಮಹೇಶ್ವರನ ಮನೆಗೆ ಬಂದರು.

"ಅಲ್ಲ ಮಾರಾಯ, ನಿನಗೆ ಒಂದು ಇಲಿಯನ್ನೂ ಗಡಿಗೆ ಕಳಿಸೋ ಅಧಿಕಾರ ಇಲ್ವಂತಲ್ಲ. ಮತ್ತೆ ಆವತ್ತು ಆ ಆರ್ಡರ್ ಯಾರದ್ದು?"

ಉಮಾಮಹೇಶ್ವರ ತಪ್ಪಾಯಿತು ಎಂದ. ಮೂರ್ತಿಗಳು ಕೋಪದಲ್ಲೂ ನ್ಯಾಯವಂತರು. ಒಬ್ಬ ನಿರಪರಾಧಿಗೆ ಇಷ್ಟು ದಿನ ಗೋಧಿ ಬೀಸಿಕೊಡದೆ ಶಿಕ್ಷೆಯಾಗಿದೆ ಎಂಬುದು ಅವರಿಗೆ ಹೊಳೆಯಿತು. ನೇರವಾಗಿ ಗಿರಣಿಗೆ ಹೋಗಿ ಕಲ್ಲಮ್ಮನಿಗೆ ಎಲ್ಲ ಬಿಡಿಸಿ ಹೇಳಿದರು: ಇವನು ಮೇಷ್ಟ್ರು, ಹುಡುಗರಿಗೆ ಎಡಬಲ ಹೇಳಿಕೊಡುವವನು, ಇವನ ಮಾತಿಗೆ ಮಿಲಿಟರಿಯಲ್ಲಿ ಬೆಲೆಯೇ ಇಲ್ಲ, ಇವನು ಹೇಳಿದ್ದಕ್ಕೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಕಲ್ಲಮ್ಮ ಕೇಳಿಸಿಕೊಂಡಳು. ಬೀಸುತ್ತಿದ್ದುದನ್ನು ಮುಗಿಸಿ, ಗಿರಣಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದಳು. ಮೂರ್ತಿಗಳು ಹಿಂದೆಯೇ ಬಂದರು. ತನುಜಾ ಒಳಬಾಗಿಲಲ್ಲಿ ನಿಂತಳು.

ಕಲ್ಲಮ್ಮ ಕೂರಲಿಲ್ಲ. ಅವಳಿಗೆ ವಯಸ್ಸಾಗಿತ್ತು. ಅವನ ಮುಖವನ್ನು ನೋಡಿ ಮಾತಾಡಿ ಎರಡು ವರ್ಷವಾಗಿತ್ತು, ಈಗ ನೋಡಿದಳು.

"ಮೂರ್ತಿಗಳು ಏನೇನೋ ಹೇಳ್ತಿದ್ದಾರೆ," ಎಂದಳು. "ನಿನ್ನ ಮಾತಿಗೆ ಬೆಲೆ ಇಲ್ಲ ಅಂತ. ಬೆಲೆ ಇಲ್ದೆ ಇದ್ರೆ ನನ್ನ ಮಗ ಯಾಕೆ ಹೋದ? ಮದುವೆ ಗೊತ್ತಾಗಿತ್ತು, ರಜೆ ಇತ್ತು, ನಾನು ಮಾತಾಡ್ತಿದ್ದೆ. ಅವನಾಗೇ ನನ್ನ ಬಿಟ್ಟು ಹೋಗ್ತಿದ್ನಾ? ನೀನು ಹೇಳಿದ್ದಕ್ಕೇ ತಾನೆ ಹೋಗಿದ್ದು?"

ಮೂರ್ತಿಗಳು ಕೋಲು ಊರಿ, ಹೇಳು ಮಾರಾಯ, ಸತ್ಯ ಹೇಳಿ ಮುಗಿಸು ಎಂದರು.

"ಹೌದು ಕಲ್ಲಮ್ಮ," ಎಂದ ಉಮಾಮಹೇಶ್ವರ. "ಅವನಿಗೆ ಹೋಗೋ ಮನಸ್ಸೇ ಇರ್ಲಿಲ್ಲ. ನಾನು ಕಳಿಸ್ದೆ."

ಅವಳು ತಲೆಯಾಡಿಸಿದಳು. ಬೇಕಾದ್ದು ಸಿಕ್ಕಿತೆಂಬಂತೆ ರಸ್ತೆ ದಾಟಿ ಹೋದಳು. ಈತ ಬುದ್ಧಿಯಿಲ್ಲದ ಮನುಷ್ಯ ಎಂದು ಮೂರ್ತಿಗಳು ಕೊನೆಯ ತೀರ್ಪು ಕೊಟ್ಟು ಮನೆಗೆ ಹೋದರು. ಉಮಾಮಹೇಶ್ವರ ಆ ಮೇಲೂ ಅವಳ ಎದುರು ಮನೆಯಲ್ಲೇ ಇದ್ದ. ಇನ್ನೊಂದು ನಕ್ಷತ್ರ ಬಂತು, ವಯಸ್ಸಾದಾಗ ಎರಡನ್ನೂ ಬಿಚ್ಚಿಟ್ಟ. ಆ ಆರ್ಡರನ್ನು ಕೇಳಿ ಪಡೆದವನು ಮಲ್ಲಿಕನೇ ಎಂದು ಅವನು ಕಲ್ಲಮ್ಮನಿಗೆ ಎಂದೂ ಹೇಳಲಿಲ್ಲ.